ಕಾರು ಕಂಪನಿ ಕೈ ಬದಲಾದರೆ ಹೆಸರಾಂತ ಮಾಡೆಲ್‌ಗಳ ಗತಿ ಏನು?

ಯಾವುದೋ ಹೆಸರಾಂತ ಕಾರು ಕಂಪನಿ ಮಾರಾಟವಾಯಿತು ಅಂತ ಸುದ್ದಿ ಬಂದರೆ ಸಾಕು, ಅಭಿಮಾನಿಗಳು ಎರಡು ಗುಂಪಾಗುತ್ತಾರೆ. "ಮುಗೀತು ಬಿಡಿ, ಇನ್ನು ಹೆಸರು ಮಾತ್ರ ಉಳಿಯೋದು" ಅನ್ನುವವರು ಒಂದು ಕಡೆ. "ದುಡ್ಡಿರೋರ ಕೈಗೆ ಬಂತಲ್ಲ, ಇನ್ನೇನು ಚಿಂತೆ" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ನೋಡುವುದು ಎರಡೇ ವಿಷಯ: ಕೊಂಡವರು ಯಾವ ದೇಶದವರು, ಎಷ್ಟು ಕೊಟ್ಟರು. ನನ್ನ ಪ್ರಕಾರ ಇವೆರಡಕ್ಕೂ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೊಟ್ಟ ದುಡ್ಡಿಗೆ ಅವರಿಗೆ ನಿಜವಾಗಿ ಸಿಕ್ಕಿದ್ದೇನು, ಆ ಕಾರಿನ ಮುಂದಿನ ತಲೆಮಾರನ್ನು ಯಾರ ಖರ್ಚಿನಲ್ಲಿ ಮಾಡುತ್ತಾರೆ ಅಂತ ಕೇಳಿ ನೋಡಿ. ಮಾಡೆಲ್‌ನ ಹಣೆಬರಹ ಬಹುಪಾಲು ಅಲ್ಲೇ ಗೊತ್ತಾಗುತ್ತದೆ.

ಸಿಕ್ಕಿದ್ದೇನು ಅಂತ ಯಾಕೆ ಕೇಳಬೇಕು? ಕಾರು ಕಂಪನಿ ಯಾವಾಗಲೂ ಇಡಿಯಾಗಿ ಮಾರಾಟವಾಗುವುದಿಲ್ಲ, ಅದಕ್ಕೆ. ಇದಕ್ಕೆ ರೋಲ್ಸ್ ರಾಯ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1998ರಲ್ಲಿ ವಿಕರ್ಸ್ ಎಂಬ ಬ್ರಿಟಿಷ್ ಕಂಪನಿ ತನ್ನ ಕೈಯಲ್ಲಿದ್ದ ರೋಲ್ಸ್ ರಾಯ್ಸ್ ಮತ್ತು ಬೆಂಟ್ಲಿ ಎರಡನ್ನೂ ಮಾರಲು ಹೊರಟಿತು. ಆಗ ಅವುಗಳಿಗೆ ಎಂಜಿನ್ ಕೊಡುತ್ತಿದ್ದುದು ಬಿಎಂಡಬ್ಲ್ಯು. ಅವರೇ ಕೊಳ್ಳುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಬಿಎಂಡಬ್ಲ್ಯು 34 ಕೋಟಿ ಪೌಂಡ್ ಕೊಡುತ್ತೇವೆ ಅಂದಿತು. ಫೋಕ್ಸ್‌ವ್ಯಾಗನ್ 43 ಕೋಟಿ ಅಂದು ಗೆದ್ದಿತು. ಕ್ರೂ ಊರಿನ ಕಾರ್ಖಾನೆ ಅವರಿಗೆ ಬಂತು, ಕೆಲಸಗಾರರು ಬಂದರು, ಬಾನೆಟ್ ಮೇಲೆ ನಿಲ್ಲುವ ಆ ರೆಕ್ಕೆಯ ಹೆಂಗಸಿನ ಪ್ರತಿಮೆಯ ಹಕ್ಕು ಬಂತು, ಮುಂದಿನ ಗ್ರಿಲ್‌ನ ಆಕಾರದ ಹಕ್ಕೂ ಬಂತು. ಬಾರದೇ ಉಳಿದದ್ದು 'ರೋಲ್ಸ್ ರಾಯ್ಸ್' ಅನ್ನುವ ಹೆಸರು!

ಇದು ಹೇಗಾಯಿತು ಅಂತ ನೋಡಲು ಇನ್ನೂ ಹಿಂದಕ್ಕೆ ಹೋಗಬೇಕು. ರೋಲ್ಸ್ ರಾಯ್ಸ್ ವಿಮಾನದ ಎಂಜಿನ್ ಕೂಡ ಮಾಡುತ್ತಿತ್ತು. ಆರ್‌ಬಿ211 ಅನ್ನುವ ಎಂಜಿನ್‌ಗೆ ಮಿತಿಮೀರಿ ಖರ್ಚು ಮಾಡಿ 1971ರಲ್ಲಿ ಕಂಪನಿ ಮುಳುಗಿತು. ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡು ಕಾರಿನ ವಿಭಾಗವನ್ನು ಬೇರೆ ಮಾಡಿತು. ಹೆಸರಿನ ಹಕ್ಕು ಮಾತ್ರ ವಿಮಾನ ಎಂಜಿನ್ ಕಂಪನಿಯ ಬಳಿಯೇ ಉಳಿಯಿತು. ಆ ಕಂಪನಿಗೂ ಬಿಎಂಡಬ್ಲ್ಯುಗೂ ವ್ಯವಹಾರದ ನಂಟಿತ್ತು. ಹೀಗಾಗಿ ಹರಾಜಿನಲ್ಲಿ ಸೋತಿದ್ದ ಬಿಎಂಡಬ್ಲ್ಯು ಬರೀ 4 ಕೋಟಿ ಪೌಂಡ್‌ಗೆ ಹೆಸರು ಬಳಸುವ ಹಕ್ಕನ್ನು ಪಡೆಯಿತು. ಈಗ ಒಬ್ಬರ ಹತ್ತಿರ ಕಾರ್ಖಾನೆ, ಗ್ರಿಲ್, ಪ್ರತಿಮೆ. ಇನ್ನೊಬ್ಬರ ಹತ್ತಿರ ಹೆಸರು, ಎಂಜಿನ್. ಕೊನೆಗೆ ರಾಜಿಯಾಯಿತು. 2002ರ ಕೊನೆಯವರೆಗೆ ಫೋಕ್ಸ್‌ವ್ಯಾಗನ್ ಎರಡೂ ಕಾರು ಮಾಡುವುದು, ಆಮೇಲೆ ಬೆಂಟ್ಲಿ ಅವರಿಗೆ, ರೋಲ್ಸ್ ರಾಯ್ಸ್ ಇವರಿಗೆ. 2003ರಲ್ಲಿ ಗುಡ್‌ವುಡ್‌ನ ಹೊಚ್ಚ ಹೊಸ ಕಾರ್ಖಾನೆಯಿಂದ ಬಿಎಂಡಬ್ಲ್ಯು ಮಾಡಿದ ಫ್ಯಾಂಟಮ್ ಹೊರಬಂತು. ಹಳೆಯ ರೋಲ್ಸ್ ರಾಯ್ಸ್ ಕಾರುಗಳು ಹುಟ್ಟಿದ ಕ್ರೂ ಕಾರ್ಖಾನೆ ಈಗ ಬೆಂಟ್ಲಿಯದು. ಹಾಗಾದರೆ ಅಸಲಿ ವಾರಸುದಾರರು ಯಾರು? ಈ ಜಗಳ ಇವತ್ತಿಗೂ ಮುಗಿದಿಲ್ಲ, ಮುಗಿಯುವಂಥದ್ದೂ ಅಲ್ಲ. ಆದರೆ ಎರಡೂ ಕಾರುಗಳು ಚೆನ್ನಾಗಿ ಬದುಕಿಕೊಂಡವು. ಯಾಕೆಂದರೆ ಕೊಂಡ ಇಬ್ಬರೂ ಹೊಸ ಮಾಡೆಲ್‌ಗೆ ಮನಸ್ಸು ಬಿಚ್ಚಿ ಖರ್ಚು ಮಾಡಿದರು.

ಹೀಗೆ ಬಿಡಿಸಿ ನೋಡಿದರೆ ಒಂದು ಕಾರು ಅಂದರೆ ಹಲವು ಹಕ್ಕುಗಳ ಕಟ್ಟು. ಹೆಸರು ಒಂದು. ಆಕಾರ, ನಕ್ಷೆ, ಪೇಟೆಂಟ್ ಇನ್ನೊಂದು. ತಗಡು ಒತ್ತುವ ಅಚ್ಚು, ಕಾರ್ಖಾನೆ, ಅಲ್ಲಿ ಪಳಗಿದ ಕೈಗಳು ಮತ್ತೊಂದು. ಇವೆಲ್ಲಕ್ಕಿಂತ ದುಬಾರಿಯಾದದ್ದು, ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ್ದು, ಪ್ಲಾಟ್‌ಫಾರ್ಮ್. ಮನೆಗೆ ಪಾಯ ಇದ್ದ ಹಾಗೆ ಇದು ಕಾರಿಗೆ. ಕೆಳಗಿನ ರಚನೆ, ಸಸ್ಪೆನ್ಶನ್ ಕೂರುವ ಜಾಗ, ಎಂಜಿನ್ ಅಥವಾ ಬ್ಯಾಟರಿಯ ಸ್ಥಾನ, ವೈರಿಂಗ್, ಎಲೆಕ್ಟ್ರಾನಿಕ್ಸ್ ಎಲ್ಲವೂ ಇದರಲ್ಲೇ ತೀರ್ಮಾನವಾಗುತ್ತದೆ. ಹೊಸ ಪ್ಲಾಟ್‌ಫಾರ್ಮ್ ಮಾಡಲು ವರ್ಷಗಳು ಬೇಕು, ರಾಶಿ ದುಡ್ಡು ಬೇಕು. ಅದಕ್ಕೇ ದೊಡ್ಡ ಕಂಪನಿಗಳು ಒಂದೇ ಪ್ಲಾಟ್‌ಫಾರ್ಮ್ ಮೇಲೆ ಹತ್ತಾರು ಕಾರು ಕಟ್ಟುತ್ತವೆ. ಸಣ್ಣ ಕಂಪನಿಯೊಂದು ದೊಡ್ಡ ಗುಂಪಿಗೆ ಸೇರಿದಾಗ ಅದಕ್ಕೆ ಸಿಗುವ ದೊಡ್ಡ ಲಾಭ ಇದೇ. ಸಿಕ್ಕಿಹಾಕಿಕೊಳ್ಳುವ ದೊಡ್ಡ ಬಲೆಯೂ ಇದೇ.

ಬಲೆ ಹೇಗೆ ಅನ್ನುವುದಕ್ಕೆ ಸ್ವೀಡನ್ನಿನ ಸಾಬ್ ನೋಡಿ. ಅಮೆರಿಕದ ಜನರಲ್ ಮೋಟಾರ್ಸ್ (ಜಿಎಂ) 1990ರಲ್ಲಿ ಅರ್ಧ ಪಾಲು, 2000ದಲ್ಲಿ ಪೂರ್ತಿ ಪಾಲು ಕೊಂಡಿತು. ಸಾಬ್ ಅಂದರೆ ಸ್ವಲ್ಪ ವಿಚಿತ್ರವಾದ, ತನ್ನದೇ ದಾರಿಯ ಕಾರು ಅಂತ ಹೆಸರು. ಜಿಎಂ ಲೆಕ್ಕದಲ್ಲಿ ಅದು ಒಪೆಲ್ ವೆಕ್ಟ್ರಾ ಜೊತೆ ಪ್ಲಾಟ್‌ಫಾರ್ಮ್ ಹಂಚಿಕೊಳ್ಳಬೇಕಾದ ಇನ್ನೊಂದು ಕಾರು. 2010ರಲ್ಲಿ ಜಿಎಂ ಅದನ್ನು ಸ್ಪೈಕರ್ ಎಂಬ ಪುಟ್ಟ ಡಚ್ ಕಂಪನಿಗೆ ಮಾರಿತು. ಸ್ಪೈಕರ್ ಹತ್ತಿರ ದುಡ್ಡಿರಲಿಲ್ಲ. ಚೀನಾದ ಹೂಡಿಕೆದಾರರು ಮುಂದೆ ಬಂದರು. ಆಗ ಜಿಎಂ ಅಡ್ಡ ನಿಂತಿತು. ಕಂಪನಿ ಮಾರಿದ್ದರೂ ಕಾರಿನೊಳಗಿನ ತಂತ್ರಜ್ಞಾನ ಜಿಎಂನದೇ ಆಗಿತ್ತು, ಅದನ್ನು ಹೊಸಬರಿಗೆ ಬಳಸಲು ಕೊಡುವುದಿಲ್ಲ ಅಂದುಬಿಟ್ಟಿತು. ಚೀನಾದಲ್ಲಿ ಜಿಎಂಗೆ ತನ್ನದೇ ದೊಡ್ಡ ವ್ಯಾಪಾರವಿತ್ತು, ಅಲ್ಲಿ ಸ್ವಂತ ತಂತ್ರಜ್ಞಾನವನ್ನೇ ಎದುರಾಳಿಯ ಕೈಗೆ ಯಾಕೆ ಕೊಡಬೇಕು, ಅಲ್ವಾ? 2011ರ ಡಿಸೆಂಬರ್‌ನಲ್ಲಿ ಸಾಬ್ ದಿವಾಳಿಯಾಯಿತು. ಮುಂದಿನ ವರ್ಷ ನೆವ್ಸ್ ಅನ್ನುವ ಕಂಪನಿ ಉಳಿದದ್ದನ್ನು ಕೊಂಡಿತು, ಕೆಲವು ಕಾರುಗಳನ್ನೂ ಮಾಡಿತು. ಆದರೆ 2014ರಲ್ಲಿ ಸಾಬ್ ಹೆಸರು ಬಳಸುವ ಹಕ್ಕೂ ಕೈತಪ್ಪಿತು. ಯುದ್ಧವಿಮಾನ ಮಾಡುವ ಸಾಬ್ ಕಂಪನಿ ಬೇರೆಯೇ ಇದೆಯಲ್ಲ, ಅವರು ಕೊಡಲಿಲ್ಲ. ಹೆಸರು ಒಬ್ಬರದು, ಪ್ಲಾಟ್‌ಫಾರ್ಮ್ ಇನ್ನೊಬ್ಬರದು. ಹೀಗಿದ್ದರೆ ಎಂಥ ಕಾರೂ ಉಳಿಯುವುದಿಲ್ಲ.

ಅದೇ ಸ್ವೀಡನ್ನಿನ ವೋಲ್ವೊ ಕಥೆ ತದ್ವಿರುದ್ಧ. ಫೋರ್ಡ್ 1999ರಲ್ಲಿ ಸುಮಾರು 645 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತ್ತು. 2010ರಲ್ಲಿ ಚೀನಾದ ಜೀಲಿಗೆ ಮಾರುವಾಗ ಒಪ್ಪಂದದ ಬೆಲೆ 180 ಕೋಟಿ ಡಾಲರ್. ಆಗ ಎಷ್ಟು ಜನ ಮೂಗು ಮುರಿದರು! ಜೀಲಿ ಮಾಡಿದ್ದೇನು? ವೋಲ್ವೊ ತಂಡವನ್ನು ಗೋಥೆನ್‌ಬರ್ಗ್‌ನಲ್ಲೇ ಬಿಟ್ಟಿತು. 1,100 ಕೋಟಿ ಡಾಲರ್‌ನ ಹೂಡಿಕೆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಫೋರ್ಡ್ ಪ್ಲಾಟ್‌ಫಾರ್ಮ್‌ಗಳಿಂದ ಬಿಡಿಸಿಕೊಂಡು ಎಸ್‌ಪಿಎ ಎಂಬ ಸ್ವಂತ ಪ್ಲಾಟ್‌ಫಾರ್ಮ್ ಮತ್ತು ಸ್ವಂತ ಎಂಜಿನ್‌ಗಳನ್ನು ಮಾಡಿಕೊಳ್ಳಲು ಬಿಟ್ಟಿತು. ಅದರ ಮೇಲೆ ಬಂದ ಮೊದಲ ಕಾರು 2014ರ ಹೊಸ ಎಕ್ಸ್‌ಸಿ90. ನಾಲ್ಕು ವರ್ಷ ಕಾಯುವ ತಾಳ್ಮೆ ಇಲ್ಲದ ಮಾಲೀಕ ಆಗಿದ್ದರೆ ಆ ಕಾರು ಬರುತ್ತಲೇ ಇರಲಿಲ್ಲ. ಕೊಂಡವರು ಯಾವ ದೇಶದವರು ಅನ್ನುವುದು ಅಷ್ಟು ದೊಡ್ಡ ವಿಷಯ ಅಲ್ಲ ಅಂತ ನಾನು ಅನ್ನುವುದು ಇದಕ್ಕೇ.

ಇಲ್ಲಿ ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಕಂಪನಿ ಮಾರಾಟವಾದ ಮೇಲೆ ಬರುವ ಮೊದಲ ಹೊಸ ಕಾರು ಸಾಮಾನ್ಯವಾಗಿ ಹೊಸ ಮಾಲೀಕರದ್ದೇ ಆಗಿರುವುದಿಲ್ಲ. ಒಂದು ಕಾರು ತಯಾರಾಗಲು ನಾಲ್ಕೈದು ವರ್ಷ ಹಿಡಿಯುವುದರಿಂದ ಹಳೆಯ ಮಾಲೀಕರು ಬಿತ್ತಿದ್ದನ್ನು ಹೊಸಬರು ಕೊಯ್ಯುತ್ತಾರೆ. ಮೂರನೇ ತಲೆಮಾರಿನ ರೇಂಜ್ ರೋವರ್ ಇದಕ್ಕೆ ಒಳ್ಳೆಯ ನಿದರ್ಶನ: ಅದನ್ನು ರೂಪಿಸಿದ್ದು ಬಿಎಂಡಬ್ಲ್ಯು ಕಾಲದಲ್ಲಿ, 2000ದಲ್ಲಿ ಲ್ಯಾಂಡ್ ರೋವರ್ ಫೋರ್ಡ್ ಕೈಗೆ ಹೋದ್ದರಿಂದ 2001ರ ಕೊನೆಗೆ ಬಿಡುಗಡೆ ಮಾಡಿದ್ದು ಫೋರ್ಡ್, ಬಾನೆಟ್ ಎತ್ತಿದರೆ ಒಳಗೆ ಮೊದಮೊದಲು ಇದ್ದದ್ದು ಬಿಎಂಡಬ್ಲ್ಯು ಎಂಜಿನ್, ಆಮೇಲೆ ಜಾಗ್ವಾರ್ ಎಂಜಿನ್, 2008ರಲ್ಲಿ ಟಾಟಾ ಮೋಟಾರ್ಸ್ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರ್‌ಗೆ ಕೊಂಡ ಮೇಲೂ ಅದೇ ಕಾರು 2012ರವರೆಗೆ ಮಾರಾಟವಾಯಿತು. ಒಂದೇ ಕಾರು, ಮೂರು ಮಾಲೀಕರು! ಟಾಟಾ ಕಾಲದ ದೊಡ್ಡ ಗೆಲುವು ಅಂತ ಹೊಗಳುವ ಇವೋಕ್ ಕೂಡ ಮೊದಲು ಕಾಣಿಸಿಕೊಂಡದ್ದು 2008ರ ಜನವರಿಯಲ್ಲಿ, ಎಲ್‌ಆರ್‌ಎಕ್ಸ್ ಎಂಬ ಪರಿಕಲ್ಪನೆಯ ಕಾರಾಗಿ. ಆಗ ಮಾಲೀಕರು ಇನ್ನೂ ಫೋರ್ಡ್. ಹಾಗಂತ ಟಾಟಾಗೆ ಶ್ರೇಯಸ್ಸು ಇಲ್ಲ ಅಂತಲ್ಲ. ಕೊಂಡ ಕೆಲವೇ ತಿಂಗಳಲ್ಲಿ ಜಗತ್ತಿನ ಆರ್ಥಿಕತೆಯೇ ಕುಸಿದಾಗ ಅದನ್ನು ನಿಲ್ಲಿಸದೆ ಮುಂದುವರಿಸಿದ್ದು ಸಣ್ಣ ಮಾತಲ್ಲ.

ಕೈ ಬದಲಾವಣೆಯಲ್ಲಿ ದಾಖಲೆ ಮಾಡಿದ್ದು ಮಾತ್ರ ಜೀಪ್. ವಿಲ್ಲಿಸ್‌ನಿಂದ 1953ರಲ್ಲಿ ಕೈಸರ್‌ಗೆ, 1970ರಲ್ಲಿ ಅಮೆರಿಕನ್ ಮೋಟಾರ್ಸ್ ಅಂದರೆ ಎಎಂಸಿಗೆ, ಎಎಂಸಿಯಲ್ಲಿ ಫ್ರಾನ್ಸಿನ ರೆನೊ ಪಾಲು, 1987ರಲ್ಲಿ ಕ್ರೈಸ್ಲರ್, 1998ರಲ್ಲಿ ಜರ್ಮನಿಯ ಡೈಮ್ಲರ್ ಜೊತೆ ವಿಲೀನ, 2007ರಲ್ಲಿ ಸರ್ಬೆರಸ್ ಎಂಬ ಹೂಡಿಕೆ ಸಂಸ್ಥೆ, 2009ರ ದಿವಾಳಿಯ ನಂತರ ಇಟಲಿಯ ಫಿಯೆಟ್, 2021ರಿಂದ ಫಿಯೆಟ್ ಕ್ರೈಸ್ಲರ್ ಮತ್ತು ಪ್ಯೂಜೊ ಗುಂಪು ಸೇರಿ ಆದ ಸ್ಟೆಲಾಂಟಿಸ್. ಓದಿಯೇ ಸುಸ್ತಾಗುತ್ತದೆ. ಎಎಂಸಿ ಶುರು ಮಾಡಿದ್ದ ಗ್ರ್ಯಾಂಡ್ ಚೆರೋಕಿಯನ್ನು 1992ರಲ್ಲಿ ಮಾರುಕಟ್ಟೆಗೆ ತಂದು ಲಾಭ ಮಾಡಿಕೊಂಡದ್ದು ಕ್ರೈಸ್ಲರ್. ಡೈಮ್ಲರ್ ಕಾಲದಲ್ಲಿ ಮರ್ಸಿಡಿಸ್ ಜೊತೆ ಸೇರಿ ರೂಪಿಸಿದ ಅದರ ನಾಲ್ಕನೇ ತಲೆಮಾರು 2010ರಲ್ಲಿ ಹೊರಬಂದಾಗ ಚುಕ್ಕಾಣಿ ಹಿಡಿದಿದ್ದವರು ಫಿಯೆಟ್‌ನವರು. ಇಷ್ಟೆಲ್ಲ ಆದರೂ ಜೀಪ್ ಯಾಕೆ ಸಾಯಲಿಲ್ಲ? ಅದು ಲಾಭ ತರುವ ಹೆಸರು ಅನ್ನುವುದು ನಿಜ. ಆದರೆ ನನಗೆ ಮುಖ್ಯ ಅನ್ನಿಸುವುದು ಬೇರೆ ಕಾರಣ. ಏಳು ಕಂಬಿಯ ಗ್ರಿಲ್, ಬಿಚ್ಚಬಹುದಾದ ಬಾಗಿಲು, ಕಲ್ಲುಮುಳ್ಳಿನ ದಾರಿಯಲ್ಲಿ ಹೋಗುವ ತಾಕತ್ತು ಇವುಗಳನ್ನು ರ‍್ಯಾಂಗ್ಲರ್‌ನಿಂದ ತೆಗೆಯುವ ಧೈರ್ಯ ಯಾವ ಮಾಲೀಕರಿಗೂ ಬರಲಿಲ್ಲ. ಬೇರೆ ಜೀಪ್‌ಗಳ ಮೇಲೆ ಬೇಕಾದಷ್ಟು ಪ್ರಯೋಗ ಮಾಡಿದರು, ಆದರೆ ರ‍್ಯಾಂಗ್ಲರ್‌ನ ತಂಟೆಗೆ ಹೋಗಲಿಲ್ಲ.

ಹೆಸರು ಉಳಿದು ಕಾರು ಬದಲಾಗುವುದು ಇನ್ನೊಂದು ಬಗೆ. ಅಲೆಕ್ ಇಸಿಗೊನಿಸ್ 1959ರಲ್ಲಿ ರೂಪಿಸಿದ ಮಿನಿ 2000ದ ಅಕ್ಟೋಬರ್‌ವರೆಗೆ ನಡೆಯಿತು, ಒಟ್ಟು 53 ಲಕ್ಷಕ್ಕೂ ಹೆಚ್ಚು ಕಾರುಗಳು. ಅದೇ ವರ್ಷ ಬಿಎಂಡಬ್ಲ್ಯು ತನ್ನ ಕೈಯಲ್ಲಿದ್ದ ರೋವರ್ ಗುಂಪನ್ನು ಒಡೆದು, ನಷ್ಟದ ರೋವರ್ ಕಂಪನಿಯನ್ನು ಬರೀ 10 ಪೌಂಡ್‌ಗೆ ಬಿಟ್ಟುಕೊಟ್ಟಿತು, ಲ್ಯಾಂಡ್ ರೋವರನ್ನು ಫೋರ್ಡ್‌ಗೆ ಮಾರಿತು, ಮಿನಿಯನ್ನು ಮಾತ್ರ ಇಟ್ಟುಕೊಂಡಿತು. 2001ರಲ್ಲಿ ಬಂದ ಹೊಸ ಮಿನಿಗೂ ಹಳೆಯದಕ್ಕೂ ಹೆಸರು ಮತ್ತು ಮುಖದ ಹೋಲಿಕೆ ಬಿಟ್ಟರೆ ನಂಟು ಕಡಿಮೆ. ಹಳೆಯದು ಬಡವರ ಜಾಣ ಕಾರು, ಹೊಸದು ಶೋಕಿಯ ಕಾರು. ಹಳೆಯ ಅಭಿಮಾನಿಗಳು ಒಪ್ಪಲಿಲ್ಲ, ಆದರೂ ಕಾರು ಗೆದ್ದಿತು. ಇತ್ತ ಹತ್ತು ಪೌಂಡ್‌ನ ರೋವರ್ 2005ರಲ್ಲಿ ಮುಳುಗಿತು. ಅದರ ಜೊತೆಗಿದ್ದ ಎಂಜಿ ಹೆಸರು ಚೀನಾದ ಕಂಪನಿಗೆ ಹೋಗಿ ಈಗ ಸಾಯಿಕ್ ಕೈಯಲ್ಲಿದೆ. 'ರೋವರ್' ಹೆಸರನ್ನು ಮಾತ್ರ ಲ್ಯಾಂಡ್ ರೋವರ್ ಜೊತೆ ಗೊಂದಲ ಬೇಡ ಅಂತ ಫೋರ್ಡ್ ಕೊಂಡಿತು. ಹಾಗಾಗಿ ಸಾಯಿಕ್ ತನ್ನ ಕಾರಿಗೆ 'ರೋವಿ' ಅಂತ ಹೊಸ ಹೆಸರು ಕಟ್ಟಬೇಕಾಯಿತು. ಫೋರ್ಡ್‌ನಿಂದ ಆ ಹೆಸರು ಟಾಟಾಗೆ ಬಂತು, ಸುಮ್ನೆ ಕಪಾಟಿನಲ್ಲಿ ಕೂತಿದೆ. ನಮ್ಮ ಅಂಬಾಸಡರ್ ಹೆಸರೂ ಹೀಗೇ. 2014ರಲ್ಲಿ ಉತ್ಪಾದನೆ ನಿಂತಿತು, 2017ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಹೆಸರನ್ನು 80 ಕೋಟಿ ರೂಪಾಯಿಗೆ ಪ್ಯೂಜೊ ಗುಂಪಿಗೆ ಮಾರಿತು. ಹೆಸರು ಕೊಳ್ಳುವುದು ಸುಲಭ, ಅದಕ್ಕೆ ತಕ್ಕ ಕಾರು ಮಾಡುವುದೇ ಕಷ್ಟ.

ಹಾಗಾದರೆ ಹೆಸರಿಲ್ಲದೆ ಕಾರು ಬದುಕಬಹುದೇ? ಬದುಕಬಹುದು. ಲೋಟಸ್ ಸೆವೆನ್ ಅಂತ ಒಂದು ಪುಟ್ಟ, ಬರಿ ಮೈಯ ಸ್ಪೋರ್ಟ್ಸ್ ಕಾರಿತ್ತು. 1973ರಲ್ಲಿ ಲೋಟಸ್ ಅದರ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಕಂಪನಿಗೆ ಬಿಟ್ಟುಕೊಟ್ಟಿತು. ಲೋಟಸ್ ಆಮೇಲೆ ಜಿಎಂ, ಬುಗಾಟಿಯ ಆಗಿನ ಮಾಲೀಕ ಆರ್ತಿಯೋಲಿ, ಮಲೇಷ್ಯಾದ ಪ್ರೋಟಾನ್, 2017ರಿಂದ ಜೀಲಿ ಹೀಗೆ ಕೈ ಬದಲಾಯಿಸುತ್ತಲೇ ಹೋಯಿತು. ಕಾರು ಹಗುರವಾಗಿರಬೇಕು ಅನ್ನುವುದನ್ನೇ ಧರ್ಮ ಮಾಡಿಕೊಂಡಿದ್ದ ಆ ಕಂಪನಿ ಈಗ ಚೀನಾದ ವುಹಾನ್‌ನಲ್ಲಿ ಎಲೆಟ್ರೆ ಎಂಬ ಎಲೆಕ್ಟ್ರಿಕ್ ಎಸ್‌ಯುವಿ ಮಾಡುತ್ತದೆ, ತೂಕ ಸುಮಾರು ಎರಡೂವರೆ ಟನ್! ಇತ್ತ ಕೇಟರ್‌ಹ್ಯಾಮ್‌ನವರು ಸೆವೆನ್ ಕಾರನ್ನು ಇವತ್ತಿಗೂ ಮಾಡುತ್ತಿದ್ದಾರೆ, ಹೆಚ್ಚುಕಡಿಮೆ ಅದೇ ರೂಪದಲ್ಲಿ.

ಡಿಫೆಂಡರ್ ಜಗಳ ಇನ್ನೂ ಸ್ವಾರಸ್ಯದ್ದು. 1948ರ ಮೊದಲ ಲ್ಯಾಂಡ್ ರೋವರ್‌ನಿಂದ ನೇರವಾಗಿ ಬೆಳೆದು ಬಂದ ಆ ಕಾರು 2016ರ ಜನವರಿಯಲ್ಲಿ ನಿಂತಿತು. ಟಾಟಾ ಅದನ್ನು ಕೊಂದಿತು ಅಂತ ಕೆಲವರು ಬೈದರು. ಆದರೆ ಹೊಗೆ ಮತ್ತು ಸುರಕ್ಷತೆಯ ನಿಯಮಗಳ ಮುಂದೆ ಆ ಹಳೆಯ ರಚನೆ ಇನ್ನು ನಿಲ್ಲುವಂತಿರಲಿಲ್ಲ, ಮಾಲೀಕರು ಯಾರಿದ್ದರೂ ಅಷ್ಟೇ. ಅನೇಕ ಸಲ ನಿಯಮ ಮಾಡಿದ ಕೆಲಸಕ್ಕೆ ಮಾಲೀಕರಿಗೆ ಬೈಗುಳ ಬೀಳುತ್ತದೆ. ಈ ಹೊತ್ತಿಗೆ ಇನಿಯೋಸ್ ಎಂಬ ರಾಸಾಯನಿಕ ಕಂಪನಿಯ ಒಡೆಯ ಜಿಮ್ ರ‍್ಯಾಟ್‌ಕ್ಲಿಫ್ ಹಳೆಯ ಡಿಫೆಂಡರ್ ಮಾಡುವ ಹಕ್ಕು ಕೊಡಿ ಅಂತ ಕೇಳಿದರು. ಕೊಡಲಿಲ್ಲ. ಅವರು ಅದೇ ಗುಣದ, ಅದೇ ಚೌಕಾಕಾರದ ಗ್ರೆನೇಡಿಯರ್ ಎಂಬ ಕಾರನ್ನು ತಾವೇ ಮಾಡಿಸಿದರು. ಜಾಗ್ವಾರ್ ಲ್ಯಾಂಡ್ ರೋವರ್ ಹಳೆಯ ಡಿಫೆಂಡರ್‌ನ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೋಗಿ ಬ್ರಿಟನ್ನಿನ ಟ್ರೇಡ್‌ಮಾರ್ಕ್ ಕಚೇರಿಯಲ್ಲೂ ಸೋತಿತು, 2020ರಲ್ಲಿ ಹೈಕೋರ್ಟಿನಲ್ಲೂ ಸೋತಿತು. ಹೆಸರಿನ ಮೇಲೆ ಹಕ್ಕು ಗಟ್ಟಿ, ಆಕಾರದ ಮೇಲೆ ಅಷ್ಟು ಗಟ್ಟಿಯಲ್ಲ ಅನ್ನುವುದು ಇಲ್ಲಿ ಸ್ಪಷ್ಟವಾಯಿತು. ಹೆಸರು ಹೊತ್ತ ಹೊಸ ಡಿಫೆಂಡರ್ 2019ರಲ್ಲಿ ಪೂರ್ತಿ ಬೇರೆ ರಚನೆಯಲ್ಲಿ ಬಂತು, ಸ್ಲೊವಾಕಿಯಾದಲ್ಲಿ ತಯಾರಾಗುತ್ತದೆ, ಚೆನ್ನಾಗಿ ಮಾರಾಟವಾಗುತ್ತಿದೆ. ಹಳೆಯದರ ಸ್ವಭಾವ ಮಾತ್ರ ಬೇರೆಯವರ ಬಳಿ ಇದೆ.

ಈಗ ಎಲ್ಲರ ಕಣ್ಣು ಇರುವುದು ಸ್ಟೆಲಾಂಟಿಸ್ ಮೇಲೆ. ಒಂದೇ ಸೂರಿನ ಕೆಳಗೆ 14 ಬ್ರ್ಯಾಂಡ್‌ಗಳು. ಎಲ್ಲಕ್ಕೂ ಹೊಸ ಮಾಡೆಲ್ ಮಾಡುವಷ್ಟು ದುಡ್ಡು ಯಾರ ಹತ್ತಿರವೂ ಇರುವುದಿಲ್ಲ. ಹಾಗಾಗಿ ಹೆಸರುಗಳು ಒಂದರೊಡನೆ ಒಂದು ಬಂಡವಾಳಕ್ಕೆ ಹೋರಾಡುತ್ತವೆ. 2023ರಲ್ಲಿ ಡಾಡ್ಜ್ ಚಾಲೆಂಜರ್, ಹಳೆಯ ಚಾರ್ಜರ್, ಕ್ರೈಸ್ಲರ್ 300 ಮೂರೂ ಮುಗಿದವು. ರ‍್ಯಾಮ್ 1500 ಪಿಕಪ್‌ನಿಂದ ಹೆಮಿ ವಿ8 ಎಂಜಿನ್ ತೆಗೆದರು. ಅಮೆರಿಕದ ಗಿರಾಕಿಗಳಿಗೆ ಎಂಟು ಸಿಲಿಂಡರ್‌ನ ಗುಡುಗು ಅಂದರೆ ಪ್ರಾಣ. ವ್ಯಾಪಾರ ಬಿತ್ತು, ಮುಖ್ಯಸ್ಥ ಕಾರ್ಲೊಸ್ ತವಾರೆಸ್ 2024ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು, ಆರು ತಿಂಗಳು ಕಳೆದು 2025ರ ಜೂನ್‌ನಲ್ಲಿ ಹೆಮಿ ವಾಪಸ್ ಬರುತ್ತದೆ ಅಂತ ಘೋಷಣೆಯಾಯಿತು. ಎಂಜಿನ್ ತೆಗೆಯುವ ತೀರ್ಮಾನಕ್ಕೆ ಹೊಗೆ ನಿಯಮ, ಖರ್ಚು ಎಲ್ಲ ಕಾರಣವಿತ್ತು. ಆದರೆ ಗಿರಾಕಿ ಆ ಕಾರನ್ನು ಯಾಕೆ ಕೊಳ್ಳುತ್ತಾನೆ ಅನ್ನುವುದು ಅಂಕಿಅಂಶದ ಹಾಳೆಯಲ್ಲಿ ಕಾಣಲಿಲ್ಲ.

ಇದೇ ಗುಂಪಿನ ಇನ್ನೊಂದು ಪ್ರಸಂಗ. 2024ರ ಏಪ್ರಿಲ್‌ನಲ್ಲಿ ಆಲ್ಫಾ ರೋಮಿಯೊ 'ಮಿಲಾನೊ' ಎಂಬ ಹೊಸ ಕಾರು ತೋರಿಸಿತು. ಅದು ತಯಾರಾಗುವುದು ಪೋಲೆಂಡಿನಲ್ಲಿ. ಪೋಲೆಂಡಿನ ಕಾರಿಗೆ ಇಟಲಿಯ ಊರಿನ ಹೆಸರಿಟ್ಟು ಜನರನ್ನು ದಾರಿ ತಪ್ಪಿಸುವುದು ಕಾನೂನಿಗೆ ವಿರುದ್ಧ ಅಂತ ಇಟಲಿಯ ಸಚಿವರು ತಕರಾರು ತೆಗೆದರು. ಒಂದೇ ವಾರದೊಳಗೆ ಕಾರಿನ ಹೆಸರು 'ಜೂನಿಯರ್' ಆಯಿತು. ಅಂದರೆ ಹೆಸರಿನ ಮೇಲೆ ಕಂಪನಿಗೆ ಹಕ್ಕಿದ್ದರೂ ಊರು, ದೇಶ, ಸರ್ಕಾರ ಕೂಡ ತಮ್ಮದೂ ಒಂದು ಪಾಲಿದೆ ಅನ್ನುತ್ತವೆ.

ಕೈ ಬದಲಾಗದಿದ್ದರೆ ಮಾಡೆಲ್ ಸುರಕ್ಷಿತವೇ? ಅದೂ ಇಲ್ಲ. ಜಾಗ್ವಾರ್ 2008ರಿಂದ ಟಾಟಾ ಬಳಿಯೇ ಇದೆ. ಬಹುತೇಕ ತಯಾರಾಗಿದ್ದ ಎಲೆಕ್ಟ್ರಿಕ್ ಎಕ್ಸ್‌ಜೆಯನ್ನು 2021ರಲ್ಲಿ ಕೈಬಿಟ್ಟರು, ಎಫ್-ಟೈಪ್ 2024ರಲ್ಲಿ ನಿಂತಿತು, ಅದೇ ವರ್ಷದ ಕೊನೆಗೆ ಬ್ರಿಟನ್ನಿನಲ್ಲಿ ಹೊಸ ಜಾಗ್ವಾರ್ ಮಾರಾಟವನ್ನೇ ನಿಲ್ಲಿಸಿ ಟೈಪ್ 00 ಎಂಬ ಪರಿಕಲ್ಪನೆಯ ಕಾರು ತೋರಿಸಿದರು. ಹಳೆಯ ಯಾವ ಮಾಡೆಲ್‌ಗೂ ಸಂಬಂಧವಿಲ್ಲದ, ತುಂಬ ದುಬಾರಿ ಎಲೆಕ್ಟ್ರಿಕ್ ಕಾರುಗಳ ಕಂಪನಿಯಾಗುವುದು ಈಗಿನ ಯೋಜನೆ. ಇದು ಗೆಲ್ಲುತ್ತದೆ ಅಂತ ನನಗೇನೂ ಭರವಸೆ ಇಲ್ಲ. ಆದರೆ ಮೊದಲಿನ ಹಾಗೆ ಬಿಎಂಡಬ್ಲ್ಯು, ಮರ್ಸಿಡಿಸ್ ಬೆನ್ನಟ್ಟಿ ಸೋಲುವುದಕ್ಕಿಂತ ಇದು ವಾಸಿ ಅನ್ನುವ ಅವರ ಲೆಕ್ಕವನ್ನು ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ.

ಕೊನೆಯದಾಗಿ, ಇಂಥ ಕಾರು ನಿಮ್ಮ ಬಳಿ ಈಗಾಗಲೇ ಇದ್ದರೆ ಬ್ರ್ಯಾಂಡ್‌ನ ಭವಿಷ್ಯಕ್ಕಿಂತ ಸ್ಪೇರ್ ಪಾರ್ಟ್ಸ್ ವ್ಯವಹಾರ ಯಾರ ಕೈ ಸೇರಿತು ಅಂತ ಮೊದಲು ನೋಡಿ. ಸಾಬ್ ದಿವಾಳಿಯಾದಾಗ ಅದರ ಬಿಡಿಭಾಗಗಳ ಕಂಪನಿ ಬೇರೆಯಾಗಿ ಇತ್ತು, ಲಾಭದಲ್ಲೂ ಇತ್ತು. ಸಾಬ್ ಮಾಡಿದ್ದ ಸಾಲಕ್ಕೆ ಅದನ್ನು ಸ್ವೀಡನ್ ಸರ್ಕಾರದ ಬಳಿ ಅಡ ಇಟ್ಟಿದ್ದರು, ಹಾಗಾಗಿ ಅದು ಸರ್ಕಾರದ ಕೈ ಸೇರಿತು, ಒರಿಯೊ ಅಂತ ಹೆಸರು ಬದಲಾಯಿಸಿಕೊಂಡು ವರ್ಷಗಳ ಕಾಲ ಬಿಡಿಭಾಗ ಪೂರೈಸಿತು. ಹೊಸ ಸಾಬ್ ಕಾರು ಬರುವುದು ನಿಂತ ಮೇಲೂ ಹಳೆಯ ಸಾಬ್ ಇಟ್ಟುಕೊಂಡವರಿಗೆ ಕ್ಲಚ್, ಬ್ರೇಕ್ ಪ್ಯಾಡ್ ಸಿಗುತ್ತಲೇ ಇತ್ತು.